ದ್ವೀಪಕ್ಕೆ ಹಾಕಿದ ಅರ್ಜಿ

ಐವತ್ತರ ದಶಕದಲ್ಲಿ ನಾನು ಮೈಸೂರಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದುತ್ತಿದ್ದಾಗ ನಮ್ಮ ತರಗತಿಯಲ್ಲಿದ್ದ ಹುಡುಗಿಯರು ಇಬ್ಬರೇ. ಇನ್ನೊಬ್ಬಳು ಡಾಕ್ಟರಿಕೆಯ ಸೀಟಿಗೆ ಕಾಯುತ್ತ ದಿನ ತಳ್ಳುತ್ತಿದ್ದಳು. ನನಗೆ ಮಾತ್ರ ಆ ವಿಷಯವೇ ಬೇಕಾಗಿತ್ತು.

ಹುಣಸೂರಿನಲ್ಲಿ ಅಪ್ಪನದು ಬಟ್ಟೆ ಅಂಗಡಿ. ಮನೆಯಿಂದ ಸ್ವಲ್ಪ ನಡೆದರೆ ಲಕ್ಷ್ಮಣತೀರ್ಥ. ಬೇಸಿಗೆಯಲ್ಲಿ ಹೊಳೆಯಂಚಿನ ನೀರು ಇಂಗಿದಾಗ ಬಸವನಹುಳುಗಳು ಕೆಸರಿನೊಳಗೆ ಇಳಿದು, ಚಿಪ್ಪಿನ ಬಾಯಿಗೆ ಮುಚ್ಚಳ ಹಾಕಿಕೊಂಡು ಸತ್ತಂತೆ ಬಿದ್ದಿರುತ್ತವೆ. ಮಳೆ ಬಂದರೆ ಎದ್ದು ಹೊರಡುತ್ತವೆ. ಚಿಕ್ಕಂದಿನಿಂದ ಇದನ್ನು ನೋಡುತ್ತಿದ್ದವಳು ಕಾಲೇಜಿಗೆ ಸೇರಿದ ಮೇಲೆ ಬರೆದಿಡತೊಡಗಿದೆ. ಎಷ್ಟು ಆಳದಲ್ಲಿ ಇರುತ್ತವೆ, ಬಕೆಟ್ಟಿನ ಕೆಸರಿನಲ್ಲಿಟ್ಟು ನೀರು ಚಿಮುಕಿಸಿದರೆ ಯಾವುದು ಮೊದಲು ಏಳುತ್ತದೆ, ಎಲ್ಲವನ್ನೂ.

ನಮ್ಮದು ಲಿಂಗಪೂಜೆಯ ಮನೆ. ನಾನು ಕಪ್ಪೆ ಕೊಯ್ಯುತ್ತೇನೆಂದು ತಿಳಿದ ದಿನದಿಂದ ಅಜ್ಜಿ ನನ್ನನ್ನು ಮುಂಬಾಗಿಲಿನಿಂದ ಬಿಟ್ಟುಕೊಳ್ಳುತ್ತಿರಲಿಲ್ಲ. ರಜಕ್ಕೆ ಬಂದರೆ ಹಿತ್ತಲಿನಿಂದ ಬಂದು, ಬಚ್ಚಲಿನಲ್ಲಿ ತಲೆಗೆ ನೀರು ಸುರಿದುಕೊಂಡೇ ಒಳಗೆ ಕಾಲಿಡಬೇಕಿತ್ತು.

ಪದವಿ ಮುಗಿಯಲು ಇನ್ನೂ ಒಂದು ವರ್ಷವಿದ್ದಾಗ, ಮಾಘಮಾಸದಲ್ಲಿ ನಮ್ಮ ಅಧ್ಯಾಪಕರು ತರಗತಿಯಲ್ಲಿ ಒಂದು ಪ್ರಕಟಣೆ ಓದಿದರು. ದಕ್ಷಿಣದ ಸಮುದ್ರದಲ್ಲಿ ಒಂದು ಪುಟ್ಟ ದ್ವೀಪ. ದೋಣಿಯಲ್ಲೇ ಹೋಗಬೇಕು. ಅಲ್ಲೊಂದು ಸಂಶೋಧನಾ ಕೇಂದ್ರವಿದೆ. ಬೇಸಿಗೆ ರಜದಲ್ಲಿ ಕೆಲವು ವಿದ್ಯಾರ್ಥಿಗಳನ್ನು ಕರೆಸಿಕೊಂಡು, ಊಟ ವಸತಿಯ ಜೊತೆ ವಿದ್ಯಾರ್ಥಿವೇತನವನ್ನೂ ಕೊಟ್ಟು ಕೆಲಸ ಕಲಿಸುತ್ತಾರೆ. ಅರ್ಜಿಯೊಂದಿಗೆ ತಾವೇ ಕಣ್ಣಾರೆ ಕಂಡಿದ್ದರ ಬಗ್ಗೆ ಒಂದು ಪ್ರಬಂಧ, ಮನೆಯವರ ಒಪ್ಪಿಗೆ, ಕಾಲೇಜಿನ ಶಿಫಾರಸು ಇರಬೇಕು. ಪ್ರಬಂಧಕ್ಕೆ ನನಗೆ ಹುಡುಕಾಟವೇ ಇರಲಿಲ್ಲ. ಬಸವನಹುಳುವಿನ ಬಗ್ಗೆ ಬರೆದೆ. ಭಯವಿದ್ದದ್ದು ಮನೆಯದು.

ಶನಿವಾರ ಊರಿಗೆ ಹೋಗಿ ಅಂಗಡಿಯಲ್ಲೇ ಅಪ್ಪನಿಗೆ ವಿಷಯ ತಿಳಿಸಿದೆ. ಅಪ್ಪ ಬಿಚ್ಚಿದ ಬಟ್ಟೆಯ ಥಾನನ್ನು ಸುತ್ತುತ್ತ ಕೇಳಿಸಿಕೊಂಡರು.

"ದೋಣೀಲಿ ಓಗ್ಬೇಕಾ?"

"ಹೂಂ, ಅಪ್ಪಾಜಿ."

"ಅಲ್ಲಿ ಮೀನು ಮುಟ್ಟಿಸ್ತಾರಾ?"

"ಮುಟ್ಟಿಸ್ತಾರೆ. ತಿನ್ನಲ್ಲ. ನನ್ನ ಅನ್ನ ನಾನೇ ಮಾಡ್ಕೋತೀನಿ."

ಮನೆಯಲ್ಲಿ ಅಜ್ಜಿ ಕುದ್ದುಹೋದರು. "ಕೊರಳಲ್ಲಿ ಲಿಂಗ ಕಟ್ಕೊಂಡು ಉಳಉಪ್ಪಟೆ ಇಡ್ಯಾಕೆ ಸಮುದ್ರುಕ್ಕೆ ಓಯ್ತಳಂತೆ. ನಾಳೆ ಇವಳನ್ನ ಯಾರ್ ಮನೆ ತುಂಬಿಸ್ಕೊಂಡಾರು?"

ಅಪ್ಪ ಊಟದ ತಟ್ಟೆಯಿಂದ ತಲೆಯೆತ್ತಲಿಲ್ಲ. "ತಿನ್ನಾಕೆ ಓಯ್ತಿಲ್ಲ ಕಣವ್ವ. ಓದಾಕೆ ಓಯ್ತಾವಳೆ. ಕಾಲೇಜ್ನೋರೇ ಕಳಿಸ್ತಾವ್ರೆ ಅಂದ್ಮೇಲೆ ನಮ್ದೇನು, ಬುಡು."

ಬೆಳಿಗ್ಗೆ ಅಪ್ಪ ಒಪ್ಪಿಗೆಪತ್ರಕ್ಕೆ ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ರುಜು ಹಾಕಿಕೊಟ್ಟರು. ಮೈಸೂರಿನ ಬಸ್ಸಿನಲ್ಲಿ ಇಡೀ ದಾರಿ ನಾನು ಕಿಟಕಿಯಾಚೆ ನೋಡಲೇ ಇಲ್ಲ. ಕಣ್ಣು ಮುಚ್ಚಿದರೆ ಎಂದೂ ನೋಡಿರದ ಸಮುದ್ರವೇ ಬರುತ್ತಿತ್ತು.

ಅಧ್ಯಾಪಕರು ಪ್ರಬಂಧವನ್ನು ನನ್ನೆದುರಿಗೇ ಓದಿದರು. ಒಳ್ಳೆಯ ಮನುಷ್ಯ. ಯಾರನ್ನೂ ಗದರಿದವರಲ್ಲ.

"ಬಹಳ ಚೆನ್ನಾಗಿದೆ. ಬಂದಿರೋ ಅರ್ಜಿಗಳಲ್ಲೆಲ್ಲ ಇದೇ ಚೆನ್ನಾಗಿರೋದು. ಆದರೆ ನಿನ್ನನ್ನ ಕಳಿಸೋಕಾಗಲ್ಲಮ್ಮ."

"ಯಾಕೆ ಸರ್?" ಎಂದೆ.

"ನಾಲ್ಕು ಕಡೆ ನೀರು. ಹೆಣ್ಣುಮಕ್ಕಳಿಗೆ ಅಲ್ಲೇನು ಅನುಕೂಲ ಇರುತ್ತೆ? ಹೆಚ್ಚುಕಮ್ಮಿಯಾದರೆ ನಿಮ್ಮ ತಂದೆಗೆ ನಾನೇನು ಹೇಳಲಿ?"

"ನಮ್ಮ ತಂದೆ ಒಪ್ಪಿದ್ದಾರೆ ಸರ್. ಹುಡುಗಿಯರು ಬರಬಾರದು ಅಂತ ಕೇಂದ್ರದವರು ಬರೆದಿಲ್ಲವಲ್ಲ."

"ಬರೆದಿಲ್ಲ ಅಂದರೆ ಏನರ್ಥ? ಯಾವ ಹುಡುಗಿಯೂ ಕೇಳೋದಿಲ್ಲ ಅಂದ್ಕೊಂಡಿದ್ದಾರೆ, ಅಷ್ಟೇ."

"ಒಂದು ಕಾಗದ ಹಾಕಿ ಕೇಳಬಹುದಲ್ಲ ಸರ್."

"ನಗ್ತಾರೆ," ಎಂದು ಅವರೇ ನಕ್ಕರು. ನಮ್ಮ ತರಗತಿಯ ಒಬ್ಬ ಹುಡುಗನ ಅರ್ಜಿಗೆ ಶಿಫಾರಸು ಬರೆದು ಕಳಿಸಿದ್ದಾಗಿತ್ತು.

ಅಪ್ಪನಿಗೆ ಸುದ್ದಿ ಮುಟ್ಟಿಸಿದೆ. ಅವರೇ ಬಂದು ಮಾತಾಡಿದರೆ ಅಧ್ಯಾಪಕರು ಮನಸ್ಸು ಬದಲಿಸಿಯಾರೆಂಬ ಆಸೆ. ಅಪ್ಪ ಅಂಗಡಿ ಮುಚ್ಚಿ, ಮದುವೆಮನೆಗೆ ಹಾಕುವ ಕರಿ ಕೋಟು ತೊಟ್ಟು, ರುಮಾಲು ಸುತ್ತಿಕೊಂಡು ಬಂದರು. ಅಧ್ಯಾಪಕರು ಎದ್ದು ನಿಂತು ಕುರ್ಚಿ ಕೊಟ್ಟರು, ಕಾಫಿ ತರಿಸಿದರು. ನನ್ನನ್ನು ಹೊರಗೆ ನಿಲ್ಲಿಸಿ ಇಬ್ಬರೂ ಮಾತಾಡಿದರು. ಒಳಗಿನಿಂದ ಒಂದು ಏರುದನಿಯೂ ಕೇಳಲಿಲ್ಲ. ಹೊರಗೆ ಬಂದ ಅಪ್ಪನ ಮುಖ ನೋಡಿಯೇ ನನಗೆ ತಿಳಿಯಿತು.

"ಅಷ್ಟು ಓದಿರೋರು, ನಮಗಿಂತ ಪ್ರಪಂಚ ಕಂಡಿರೋರು. ನಿಮ್ಮ ಮಗಳು ನನ್ ಮಗಳಿದ್ದಂಗೆ ಅಂದ್ರು ಕಣವ್ವ. ಅಂತೋರೇ ಬ್ಯಾಡ ಅಂದ್ಮೇಲೆ ನಾನು ಇಲ್ದೇ ಇರೋ ಧೈರ್ಯ ಮಾಡಬಾರ್ದು."

ಬಸ್ಸಿನವರೆಗೆ ನಾನು ಜೊತೆಯಲ್ಲಿ ಹೋದೆ. ಅಜ್ಜಿಯ ಎದುರು ನನ್ನ ಪರ ನಿಂತ ಮನುಷ್ಯನನ್ನು ಒಂದು ಲೋಟ ಕಾಫಿಯಲ್ಲಿ ನನ್ನ ಕಾಲೇಜು ತನ್ನ ಕಡೆಗೆ ಮಾಡಿಕೊಂಡಿತ್ತು.

ಊರಿನಲ್ಲಿ ಅದರ ಫಲ ಬೇಗ ಕಂಡಿತು. "ಕಾಲೇಜ್ನೋರೇ ಎಣ್ಣಿಗೆ ಬ್ಯಾಡ ಅಂದವ್ರೆ" ಎಂದು ಅಜ್ಜಿ ಬಂದವರಿಗೆಲ್ಲ ಹೇಳಿದರು. ಈ ಸಲ ಅಪ್ಪ ಎದುರಾಡಲಿಲ್ಲ. ಬೇಸಿಗೆ ಕಳೆಯುವುದರೊಳಗೆ ಕೃಷ್ಣರಾಜನಗರದ ಅಕ್ಕಿ ಗಿರಣಿಯವರ ಮನೆಯಿಂದ ಬಂದು ನನ್ನನ್ನು ನೋಡಿ ಒಪ್ಪಿಕೊಂಡು ಹೋದರು. ನಾನು ತಲೆ ತಗ್ಗಿಸಿ ಕೂತಿದ್ದೆ. ಏನು ಓದುತ್ತೀಯೆಂದು ಅವರು ಕೇಳಿದಾಗ ಅಜ್ಜಿ "ಬಿಯೆಸ್ಸಿ" ಎಂದರು. ಯಾವ ವಿಷಯವೆಂದು ಹೇಳಲಿಲ್ಲ.

ಕಾಲೇಜು ಮತ್ತೆ ತೆರೆದಾಗ ದ್ವೀಪಕ್ಕೆ ಹೋಗಿದ್ದ ಹುಡುಗ ಕಪ್ಪಗಾಗಿ ಹಿಂತಿರುಗಿದ್ದ. ಪ್ರಯೋಗಶಾಲೆಯಲ್ಲಿ ನನ್ನ ಮೇಜಿನ ಬಳಿ ಬಂದು, ಕೇಳದಿದ್ದರೂ ಎಲ್ಲ ಹೇಳಿದ. ನೀರು ಇಳಿದಾಗ ಬಂಡೆಗಳ ನಡುವೆ ಉಳಿಯುವ ಮಡುಗಳು, ಅವುಗಳೊಳಗಿನ ಹೂವಿನಂಥ ಜೀವಿಗಳು. ಆಮೇಲೆ, "ನೀವೂ ಬರಬಹುದಿತ್ತು ಕಣ್ರೀ. ಮದ್ರಾಸಿನಿಂದ ಇಬ್ಬರು ಹುಡುಗಿಯರು ಬಂದಿದ್ದರು. ಅಲ್ಲಿನ ಮುಖ್ಯಸ್ಥರ ಹೆಂಡತಿ ತಮ್ಮ ಮನೆಯಲ್ಲೇ ಅವರಿಗೆ ಕೋಣೆ ಕೊಟ್ಟಿದ್ದರು. ಪ್ರತಿ ವರ್ಷವೂ ಹುಡುಗಿಯರು ಬರ್ತಾರಂತೆ," ಎಂದ.

ಅವನಿಗೆ ನನ್ನ ಅರ್ಜಿಯ ಸಂಗತಿಯೇ ಗೊತ್ತಿರಲಿಲ್ಲ. ನಾನು ಕೈಯಲ್ಲಿದ್ದ ಚಿಮುಟ ಕೆಳಗಿಟ್ಟು ಹಾಸ್ಟೆಲಿಗೆ ಹೋದೆ.

ಊರಿಗೆ ಹೋದಾಗ ಅಪ್ಪನಿಗೆ ಇದನ್ನು ಹೇಳಿದೆ. ಲಗ್ನಪತ್ರಿಕೆ ಅಚ್ಚಿಗೆ ಹೋಗಿತ್ತು. ಅಪ್ಪ ಬಟ್ಟೆ ಅಳೆಯುವ ಗಜಕೋಲನ್ನು ಕೆಳಗಿಟ್ಟರು. "ದ್ವೀಪದೋರ್ನ ಒಂದ್ ಮಾತು ಕೇಳಿ ನೋಡಿ ಅಂತ ಮೇಷ್ಟ್ರಿಗೆ ಅನ್ಬೋದಿತ್ತು ನಾನು. ತೋಚ್ನಿಲ್ಲ ಕಣವ್ವ," ಎಂದರು. ಅಷ್ಟರಲ್ಲಿ ಗಿರಾಕಿ ಬಂದರು.

ಮದುವೆಯಾಯಿತು. ಪರೀಕ್ಷೆಗೆ ಕೂರಲು ಗಂಡನ ಮನೆಯವರು ಬಿಟ್ಟರು, ಪಾಸೂ ಆದೆ. ಮುಂದೆ ಓದುವ ಮಾತು ಯಾರ ಬಾಯಲ್ಲೂ ಬರಲಿಲ್ಲ.

ಎಷ್ಟೋ ವರ್ಷಗಳ ನಂತರ ಹುಣಸೂರಿನ ಬಸ್ ನಿಲ್ದಾಣದಲ್ಲಿ ಆ ಅಧ್ಯಾಪಕರು ಸಿಕ್ಕರು. ನಿವೃತ್ತರಾಗಿ ಪಿರಿಯಾಪಟ್ಟಣದಲ್ಲಿದ್ದ ಮಗನ ಮನೆಗೆ ಹೊರಟಿದ್ದರು. ನಾನೇ ಹೋಗಿ ಅವರ ವಿದ್ಯಾರ್ಥಿನಿ ಎಂದು ಹೇಳಿಕೊಂಡೆ. ಸಂತೋಷಪಟ್ಟರು. ಮಕ್ಕಳೆಷ್ಟು, ಮನೆಯವರು ಏನು ಮಾಡುತ್ತಾರೆ ಎಂದು ವಿಚಾರಿಸಿದರು.

"ಆ ದ್ವೀಪಕ್ಕೆ ಅರ್ಜಿ ಹಾಕಿದ್ದೆ ಸರ್. ಬಸವನಹುಳುವಿನ ಪ್ರಬಂಧ."

ಅವರು ಹಣೆ ಸುಕ್ಕುಗಟ್ಟಿಸಿ ಯೋಚಿಸಿದರು. "ಯಾವ ದ್ವೀಪಮ್ಮ?"

ವಿವರಿಸಲು ನಾನು ಬಾಯಿ ತೆರೆದೆ. ಅವರು ನಿಜಕ್ಕೂ ಕೇಳಿಸಿಕೊಳ್ಳುವ ಮುಖ ಮಾಡಿಕೊಂಡು ಕಾಯುತ್ತಿದ್ದರು. ಅದನ್ನು ನೋಡಿ ಹೇಳುವ ಮನಸ್ಸು ಹೋಯಿತು. ಅವರು ನನಗೆ ಕೇಡು ಬಯಸಿದವರಾಗಿದ್ದರೆ ಇವತ್ತಿಗೂ ನೆನಪಿಟ್ಟುಕೊಂಡಿರುತ್ತಿದ್ದರು. "ಏನಿಲ್ಲ ಸರ್, ನಿಮ್ಮ ಬಸ್ ಬಂತು," ಎಂದು ಅವರ ಚೀಲವನ್ನು ಮೇಲಕ್ಕೆ ಎತ್ತಿಕೊಟ್ಟೆ.