ಹೊಸ ದೀಪದ ಕೆಳಗೆ ದೊಡ್ಡಕ್ಕ

ಅಂಗಿ ಹೊಲಿಯುವ ಆ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ದೊಡ್ಡಕ್ಕ ಎಂದೇ ಕರೆಯುತ್ತಿದ್ದರು. ಹೊಲಿದು ಬಂದ ಅಂಗಿಗಳನ್ನು ಮೇಜಿನ ಮೇಲೆ ಹರವಿ, ಬಿಟ್ಟುಹೋದ ಹೊಲಿಗೆ, ಎಣ್ಣೆ ಕಲೆ, ಸೊಟ್ಟ ಕಾಲರು ಹುಡುಕಿ ತೆಗೆಯುವುದು ಅವಳ ಕೆಲಸ. "ಸೊಳ್ಳೆ ಕಾಲಷ್ಟು ಹೊಲಿಗೆ ತಪ್ಪಿದ್ರೂ ದೊಡ್ಡಕ್ಕ ಹಿಡೀತಾಳೆ" ಎಂದು ಹೊಲಿಯುವವರು ನಗುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಅವಳು ತಂಗಿಯನ್ನು ಜೊತೆಗಿಟ್ಟುಕೊಂಡು, ಪಕ್ಕದ ಮೇಜಿನಲ್ಲಿ ಕೂರಿಸಿ, ಅದೇ ಕೆಲಸ ಕಲಿಸಿದ್ದಳು.

ಸರಕು ಹೆಚ್ಚಿದಂತೆ ಮಾಲೀಕರು ಕಿಟಕಿಗಳಿಗೆ ಅಡ್ಡವಾಗಿ ಪೆಟ್ಟಿಗೆಗಳನ್ನು ಪೇರಿಸಿದರು. ಉಳಿದದ್ದು ಮಿಣುಕುವ ಹಳೆಯ ಟ್ಯೂಬ್‌ಲೈಟು. ಎಲ್ಲರ ಕೈಯೂ ನಿಧಾನವಾಯಿತು. ತಪ್ಪುಗಳು ಕಣ್ತಪ್ಪಿ ಹೋಗಿ ಮಾಲು ವಾಪಸು ಬರತೊಡಗಿತು. ದೊಡ್ಡಕ್ಕನಿಗೂ ಹಾಗೆಯೇ ಆಯಿತು. ಅವಳು ಸುಮ್ಮನಿರಲಿಲ್ಲ.

"ನಾವೇನು ಗೂಬೆಗಳಾ ಸಾರ್? ಮೊದಲು ಬೆಳಕು ಕೊಡಿ, ಆಮೇಲೆ ಬೈಯಿರಿ" ಎಂದು ಸೂಪರ್‌ವೈಸರನ ಬೆನ್ನು ಹತ್ತಿದಳು. ಕೊನೆಗೂ ಪ್ರತಿ ಮೇಜಿನ ಮೇಲೆ ಬಿಳಿ ದೀಪ ತೂಗಿತು. ಹುಡುಗಿಯರು ಅದರ ಕೆಳಗೆ ಕೈ ಚಾಚಿ ತಮ್ಮ ಉಗುರುಗಳನ್ನೇ ಹೊಸದಾಗಿ ನೋಡಿಕೊಂಡರು. ಕೆಲವೇ ದಿನಗಳಲ್ಲಿ ಎಲ್ಲರ ಕೆಲಸಕ್ಕೂ ಚುರುಕು ಬಂತು.

ದೊಡ್ಡಕ್ಕನ ಮೇಜಿನಿಂದ ಮಾತ್ರ ಕಲೆಯಿದ್ದ ಅಂಗಿಗಳು ಹಾಗೇ ದಾಟಿ ಹೋಗುತ್ತಿದ್ದವು.

ತಂಗಿ ಅದನ್ನು ಕಂಡಳು. ಅಕ್ಕ ನೋಡಿಟ್ಟ ರಾಶಿಯನ್ನು ಮೆಲ್ಲಗೆ ತನ್ನತ್ತ ಎಳೆದುಕೊಂಡು ಮತ್ತೊಮ್ಮೆ ನೋಡತೊಡಗಿದಳು. ಅವಳದೇ ಕೆಲಸ ಹಿಂದೆ ಬಿತ್ತು.

"ದೀಪ ಹಾಕಿದ ಮೇಲೂ ನಿನಗೇನಮ್ಮ ರೋಗ?" ಎಂದು ಸೂಪರ್‌ವೈಸರ್ ಒಂದು ಮಧ್ಯಾಹ್ನ ತಂಗಿಯ ಮೇಲೆ ರೇಗಿದ.

ತಂಗಿ ತಲೆ ತಗ್ಗಿಸಿದಳು. ದೊಡ್ಡಕ್ಕ ಎದ್ದು ಬಂದು ಅವಳ ಮುಂದಿದ್ದ ರಾಶಿಯ ಮೇಲೆ ಕೈಯಾಡಿಸಿದಳು. ಆ ಮಡಿಕೆಗಳು ತನ್ನವೇ ಎಂದು ಬೆರಳಿಗೆ ಗೊತ್ತಾಯಿತು. ಅವಳು ಸೂಪರ್‌ವೈಸರನ ಕಡೆ ತಿರುಗಿದಳು.

"ಅವಳನ್ನ ಬಿಡಿ ಸಾರ್. ಇದು ನನ್ನ ರಾಶಿ. ನನಗೇ ಕಣ್ಣು ಕಾಣ್ತಿಲ್ಲ."

ಕಣ್ಣಿನ ಡಾಕ್ಟರು ಬಹಳ ಹೊತ್ತು ಪರೀಕ್ಷೆ ಮಾಡಿದರು. "ಇದು ಮಂದ ಬೆಳಕಿಂದ ಬಂದಿದ್ದಲ್ಲಮ್ಮ. ಕಣ್ಣಿನ ನರ ಹಾಳಾಗಿದೆ. ಹೋದ ದೃಷ್ಟಿ ವಾಪಸು ಬರಲ್ಲ, ಇರೋದನ್ನ ಉಳಿಸ್ಕೊಳ್ಳೋಕೆ ಔಷಧಿ ಹಾಕ್ಕೊಳ್ಳಿ. ಇನ್ನೂ ಮೊದಲೇ ಬರಬಾರದಿತ್ತಾ?"

"ಆ ಕತ್ತಲಲ್ಲಿ ಯಾರಿಗೂ ಸರಿಯಾಗಿ ಕಾಣ್ತಿರಲಿಲ್ಲ ಡಾಕ್ಟ್ರೇ" ಎಂದಳು ದೊಡ್ಡಕ್ಕ. "ನನಗೆ ಮಾತ್ರ ಬೇರೆ ಏನೋ ಆಗಿದೆ ಅಂತ ಹೇಗೆ ಗೊತ್ತಾಗಬೇಕು?"

ಡಾಕ್ಟರು ಔಷಧಿಯ ಚೀಟಿ ಬರೆದು, ಜೊತೆಗೆ ಬಂದಿದ್ದ ತಂಗಿಯ ಕೈಗೆ ಕೊಟ್ಟರು. ಮನೆಗೆ ಬರುವ ದಾರಿಯುದ್ದಕ್ಕೂ ತಂಗಿ ಅಳುತ್ತಿದ್ದಳು. ದೊಡ್ಡಕ್ಕ ಅವಳ ತೋಳು ಹಿಡಿದುಕೊಂಡೇ ನಡೆದಳು.

ದೊಡ್ಡಕ್ಕ ಕೆಲಸ ಬಿಟ್ಟ ಮೇಲೆ ಕಾರ್ಖಾನೆ ಅವಳ ಜಾಗಕ್ಕೆ ತಂಗಿಯನ್ನು ಕೂರಿಸಿತು. ಈಗ ಸಂಜೆ ಬಾಗಿಲ ಸದ್ದಾದರೆ ದೊಡ್ಡಕ್ಕ ಮುಖ ಎತ್ತಿ ಕೇಳುತ್ತಾಳೆ: "ಇವತ್ತು ಏನೇನು ಹಿಡಿದೆ?" ತಂಗಿ ಚಪ್ಪಲಿ ಬಿಡುತ್ತಲೇ ಹೇಳತೊಡಗುತ್ತಾಳೆ: ತೋಳಿನಲ್ಲೊಂದು ಕಲೆ, ಬೆನ್ನಿನಲ್ಲಿ ಬಿಟ್ಟ ಹೊಲಿಗೆ. ಏನೂ ಸಿಗದ ದಿನ ತಾನೇ ಒಂದೆರಡು ಹುಟ್ಟಿಸಿ ಹೇಳುತ್ತಾಳೆ.