ಲೆಕ್ಕದ ನಡುವೆ ಎಬ್ಬಿಸುವವರು

ಕ್ಯಾತ್ಸಂದ್ರದ ಬೆಟ್ಟದ ಮೇಲೆ ಮಂಜು ಇನ್ನೂ ಮಲಗಿದೆ. ಗುಬ್ಬಿಯಿಂದ ಮೊದಲ ರೈಲಿಗೆ ಬಂದ ಸಿದ್ದಗಂಗಮ್ಮ ಲೆಕ್ಕ ಮಾಡುವ ಯಂತ್ರಗಳ ಪುಟ್ಟ ಕಾರ್ಖಾನೆಯ ಬೀಗ ತೆಗೆದು, ಕಂಪ್ಯೂಟರಿನ ನೆತ್ತಿಗೊಂದು ಕಣಗಿಲೆ ಹೂವಿಟ್ಟು ಸ್ವಿಚ್ಚು ಹಾಕುತ್ತಾರೆ. ಕಪ್ಪು ಪರದೆಯಲ್ಲಿ ಹಸಿರು ಅಂಕಿಗಳು ಕೆರೆಯ ಮೀನಿನ ಹಾಗೆ ಒಂದೊಂದಾಗಿ ಮೇಲೇಳುತ್ತವೆ. ಈ ಹೊತ್ತಿನಲ್ಲಿ ಕರೆಂಟು ಹದವಾಗಿರುತ್ತದೆ.

ಅವರು ಪರೀಕ್ಷಿಸುವುದು ಟೈಮರನ್ನು. ಯಂತ್ರ ಲೆಕ್ಕದಲ್ಲಿ ಮುಳುಗಿರುವಾಗ ಒಳಗಿನ ಗಡಿಯಾರ ಕೂಗಬೇಕು. ಕೂಗಿದೊಡನೆ ಅದು ಲೆಕ್ಕವನ್ನು ಇದ್ದಲ್ಲೇ ಬಿಟ್ಟು, ಹೇಳಿದ ಕೆಲಸ ಮುಗಿಸಿ, ಬಿಟ್ಟ ಅಂಕಿಗೇ ಮರಳಬೇಕು. ಇಂಥ ಸಿದ್ಧ ಆದೇಶಗಳ ಕಟ್ಟನ್ನು ಇಲ್ಲಿ ಲೈಬ್ರರಿ ಎನ್ನುತ್ತಾರೆ. ಎಂಜಿನಿಯರ್ ಯೋಗನರಸಿಂಹ ಅದನ್ನು ಬರೆಯುತ್ತಾರೆ, ಸಿದ್ದಗಂಗಮ್ಮ ಟೈಮರು ಕೂಗಿಸಿ ನೋಡುತ್ತಾರೆ. ಗುಬ್ಬಿಯಲ್ಲಿ ಟೈಪಿಂಗ್ ಕಲಿತು, ವಕೀಲರ ಕಾಗದ ಕುಟ್ಟುತ್ತಿದ್ದ ಬೆರಳುಗಳು ಎಂಬತ್ತೈದನೇ ಇಸವಿಯಲ್ಲಿ ಇಲ್ಲಿಗೆ ಬಂದವು. ಸಂಜೆಯಾದರೆ ಕಣ್ಣುರಿ, ಮನೆಯಲ್ಲಿ ಸೌತೆಕಾಯಿ ಹೋಳಿಟ್ಟುಕೊಂಡು ಮಲಗುತ್ತಾರೆ.

ಈ ಸಲದ ಯಂತ್ರ ಕುಣಿಗಲ್ಲಿನ ರೇವಮ್ಮನವರ ಕೋಳಿಮರಿ ಕೇಂದ್ರಕ್ಕೆ. ಅದು ಮೊಟ್ಟೆಗಳ ಕಾವಿನ ಲೆಕ್ಕ ನೋಡುತ್ತಿರಬೇಕು. ಗಡಿಯಾರ ಕೂಗಿದಾಗ ಮೊಟ್ಟೆಗಳ ತಟ್ಟೆ ಹೊರಳಿಸಿ, ಮತ್ತೆ ಕಾವಿಗೆ ಮರಳಬೇಕು. ಹೋದ ವಾರ ಅಲ್ಲಿ ತಟ್ಟೆಯೇನೋ ಹೊರಳಿತು, ಕಾವು ಮರಳಲಿಲ್ಲ. ಕೆಂಡ ಹಾಕಿ, ಕಂಬಳಿ ಹೊದಿಸಿ ರೇವಮ್ಮ ಅರ್ಧ ಮೊಟ್ಟೆ ಉಳಿಸಿಕೊಂಡರು. ಮರುದಿನ ಬಸ್ಸು ಹತ್ತಿ ಬಂದು, ಸಿದ್ದಗಂಗಮ್ಮನ ಅಂಗೈಯಲ್ಲಿ ಉಳಿಯದ ಮೊಟ್ಟೆಗಳಲ್ಲೊಂದನ್ನು ಇಟ್ಟರು. “ಮುಟ್ ನೋಡವ್ವ, ಎಂಗ್ ತಣ್ಣಗಾಗೈತೆ. ಇನ್ನೊಂದ್ ಸಲ ಹಿಂಗಾದ್ರೆ ನಿಮ್ ಮಿಷಿನ್ ಬ್ಯಾಡ, ನನ್ ಕೆಂಡಾನೇ ಸಾಕು.”

ಅಂದೇ ಯೋಗನರಸಿಂಹ ಸಿದ್ದಗಂಗಮ್ಮನ ಪಕ್ಕದಲ್ಲೇ ಕೂತು ಪರೀಕ್ಷೆ ಮಾಡಿಸಿದರು. ಪ್ರತಿ ಸಲವೂ ಸಿದ್ದಗಂಗಮ್ಮ ಒಂದು ಲೆಕ್ಕ ಮುಗಿಯುವ ತನಕ ಕಾದು, ಆಮೇಲೆ ಟೈಮರು ಕೂಗಿಸುತ್ತಿದ್ದರು. ಯಾಕಮ್ಮ ಕಾಯ್ತೀರಿ ಎಂದು ಯೋಗನರಸಿಂಹ ಕೇಳಿದರು.

“ಉಣ್ಣೋರ್ನ ತುತ್ತಿನ್ ಮಧ್ಯ ಎಬ್ಬಿಸ್ತಾರಾ ಸಾರ್? ಅದೂ ಏನೋ ಲೆಕ್ಕ ಹಾಕ್ತಾ ಕೂತೈತೆ. ಮುಗೀಲಿ ಅಂತ.”

ಎಂಜಿನಿಯರು ನಕ್ಕು ನಕ್ಕು ಕನ್ನಡಕ ಒರೆಸಿಕೊಂಡರು. ಆಮೇಲೆ ಲೆಕ್ಕದ ನಡುವೆಯೇ ಕೂಗಿಸಿ ನೋಡಿದರು. ಬಿಟ್ಟ ಅಂಕಿ ಪರದೆಗೆ ಮರಳಲಿಲ್ಲ. “ಕೈಲಿದ್ದ ಅಂಕಿ ಎತ್ತಿಡೋಕೆ ನಾನು ಬರೆದೇ ಇಲ್ಲ ಕಣಮ್ಮ. ನಿಮ್ಮ ಮರ್ಯಾದೆ ನನ್ನ ತಪ್ಪನ್ನ ಮುಚ್ಚಿಟ್ಟಿತ್ತು.”

ಅವರು ತಿದ್ದಿ ಬರೆದದ್ದನ್ನು ಸಿದ್ದಗಂಗಮ್ಮ ಈಗ ನೋಡುತ್ತಿದ್ದಾರೆ. ಹೊಸ ಮೊಟ್ಟೆಗಳನ್ನು ಇವತ್ತೇ ಕಾವಿಗೆ ಇಡಬೇಕು. ರೇವಮ್ಮ ಬಾಗಿಲಲ್ಲಿ ಕೂತಿದ್ದಾರೆ. ಅಂಕಿಗಳು ಓಡುತ್ತಿವೆ. “ಎದ್ದೇಳಪ್ಪ, ತಪ್ಪು ತಿಳ್ಕೋಬ್ಯಾಡ” ಎಂದು ಸಿದ್ದಗಂಗಮ್ಮ ನಡುವೆಯೇ ಗುಂಡಿ ಒತ್ತುತ್ತಾರೆ. ಪರೀಕ್ಷೆಗೆಂದು ಮೇಜಿನ ಮೇಲಿಟ್ಟ ಖಾಲಿ ತಟ್ಟೆ ನಿದ್ದೆಗಣ್ಣಲ್ಲಿ ಮಗ್ಗುಲಾಗುವಂತೆ ಹೊರಳುತ್ತದೆ. ಕಾವಿನ ಬಲ್ಬು ಮತ್ತೆ ಕೆಂಪಗೆ ಹೊತ್ತಿ, ಬಿಟ್ಟ ಅಂಕಿಯೇ ಪರದೆಗೆ ಬರುತ್ತದೆ. ಲೆಕ್ಕವನ್ನು ಬೇರೆ ಬೇರೆ ಕಡೆ ತಡೆದು ನೋಡುತ್ತಾರೆ. ಯಂತ್ರ ದಾರಿ ತಪ್ಪುವುದಿಲ್ಲ. ಮಠದ ಕಡೆಯಿಂದ ಗಂಟೆ ಕೇಳಿ, ಅವರು ಒಂದು ಗಳಿಗೆ ಕೈ ಮುಗಿದು ಮತ್ತೆ ಕೀಲಿಗಳಿಗೆ ಮರಳುತ್ತಾರೆ.

ಮೊಟ್ಟೆ ಕಾವಿಗ್ ಇಕ್ಕಬೌದಾ ಎಂದು ರೇವಮ್ಮ ಕೇಳುತ್ತಾರೆ.

“ಇಕ್ಕಿ ರೇವಮ್ಮಾರೆ. ಮರಿ ಆದ್ ದಿನ ಹೇಳ್ಕಳ್ಸಿ, ಬರ್ತೀನಿ,” ಎಂದು ಸಿದ್ದಗಂಗಮ್ಮ ಅಂಗೈ ಬಿಡಿಸಿ ನೋಡಿಕೊಳ್ಳುತ್ತಾರೆ. “ಇದ್ರಲ್ಲಿ ಒಂದ್ಸಲ ಮರಿ ಇಟ್ಕೋಬೇಕು. ಅವತ್ತಿನ್ ಮೊಟ್ಟೆ ತಣುಪು ಇನ್ನೂ ಹೋಗಿಲ್ಲ.”