ಅಲಸಂದೆ ಹೊಲದ ಸಾಕ್ಷಿ

ಅಂತರಸಂತೆ ಕಡೆಯ ಹಿನ್ನೀರಿನ ಹೋಂಸ್ಟೇಯೊಂದರಲ್ಲಿ ಮಾಯಮ್ಮ ಒಂಬತ್ತು ವರ್ಷದಿಂದ ಅಡುಗೆಯವಳು. ಗಂಡ ಚಿಕ್ಕಣ್ಣ ಮರದಿಂದ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಮನೆ ನಡೆಯುತ್ತಿದ್ದುದು ಆ ಕೆಲಸದಿಂದಲೇ. ಅವಳ ಕೈರುಚಿಗೆ ಸೋತು ಮತ್ತೆ ಮತ್ತೆ ಬರುವವರಿದ್ದರು. ಮಾಲೀಕ ಶಿವಶಂಕರ್ ಮಾತ್ರ ಅಪ್ಪಿತಪ್ಪಿಯೂ ಹೊಗಳಿದವನಲ್ಲ. ಹೊಗಳಿದರೆ ಎಲ್ಲಿ ರಜೆ ಕೇಳುತ್ತಾಳೋ ಎಂಬ ಭಯ!

ಮಳೆಗಾಲದಲ್ಲಿ ತೆಗೆಸಿದ ಫೋಟೊವನ್ನು ಅವನು ವರ್ಷವಿಡೀ ಜಾಹೀರಾತಿಗೆ ಹಾಕುತ್ತಿದ್ದ. ಕೋಣೆಯ ಮೆಟ್ಟಿಲಿಳಿದರೆ ನೀರು! ಬೇಸಿಗೆಯಲ್ಲಿ ಆ ನೀರು ಮೈಲಿಯಾಚೆ ಸರಿಯುತ್ತಿತ್ತು. ಖಾಲಿಯಾದ ನೆಲದಲ್ಲಿ ಮಾಯಮ್ಮನೇ ಅಲಸಂದೆ ಬಿತ್ತುತ್ತಿದ್ದಳು. ಏಪ್ರಿಲ್‌ನಲ್ಲಿ ಕಣ್ಣೂರಿನವನೊಬ್ಬ, ಮಂಡಿನೋವಿನ ತಾಯಿಯನ್ನು ನೀರಿನಂಚಿನಲ್ಲಿ ಕೂರಿಸುವ ಆಸೆಯಿಂದ ಕರೆತಂದ. ಮುದುಕಿ ಎರಡು ದಿನವೂ ಆ ಅಲಸಂದೆ ಹೊಲವನ್ನೇ ನೋಡುತ್ತ ಕೂತಳು.

"ಹೋದೋರು ಹೋದ್ರು ಬುಡು, ತಿರ್ಗಾ ಬತ್ತಾರಾ?" ಎಂದು ಶಿವಶಂಕರ್ ಹಾಯಾಗಿದ್ದ. ಆದರೆ ಪ್ರವಾಸಿ ತನ್ನ ಊರಿನಲ್ಲೇ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು, ಕಾನೂನು ಹಾಗಿದೆ. ಕಣ್ಣೂರಿನಿಂದ ನೋಟಿಸು ಬಂದಾಗ ಅವನ ಮುಖ ಹುಳ್ಳಗಾಯಿತು. ವಕೀಲರ ಹತ್ತಿರ ಒಂದು ಪ್ರಮಾಣಪತ್ರ ಬರೆಸಿಕೊಂಡು ನೇರ ಅಡುಗೆಮನೆಗೆ ಬಂದ.

ಮಾಯಮ್ಮ ಅಕ್ಷರ ಕೂಡಿಸಿಕೊಂಡು ಓದಿದಳು. ಏಪ್ರಿಲ್‌ನಲ್ಲಿ ಕೋಣೆಯ ಮುಂದೆ ನೀರಿದ್ದುದನ್ನು ತಾನು ಕಣ್ಣಾರೆ ಕಂಡಿದ್ದೇನೆ ಎಂದು ಅವಳ ಹೆಸರಿನಲ್ಲಿ ಬರೆದಿತ್ತು.

"ಅಣ್ಣಾ, ಅಲ್ಲಿಂದ್ಲೇ ಕಾಯಿ ಬುಡಿಸ್ಕಬಂದು ಆ ಅಜ್ಜಿಗೆ ಸಾರು ಮಾಡಿಕ್ಕಿವ್ನಿ ಕಣ್ರೀ. ನೀರಿದ್ದಿದ್ರೆ ಅಲಸಂದೆ ಎಲ್ಲಿಂದ ಬತ್ತಿತ್ತು?"

"ಅದ್ನೆಲ್ಲ ಯಾರು ಕೇಳ್ತಾರೆ? ರುಜು ಹಾಕು. ಇಲ್ದಿದ್ರೆ ನಾಳೆಯಿಂದ ಬರಬ್ಯಾಡ."

ಮಾಯಮ್ಮ ಕೈ ಒರೆಸಿಕೊಂಡು ಪೆನ್ನು ತೆಗೆದುಕೊಂಡಳು. ಟೈಪು ಮಾಡಿದ್ದರ ಮೇಲೆ ಉದ್ದಕ್ಕೆ ಗೀಟೆಳೆದು, ಕೆಳಗೆ ಸೊಟ್ಟ ಅಕ್ಷರದಲ್ಲಿ ಬರೆದಳು: ನೀರು ಇರಲಿಲ್ಲ. ಅಲಸಂದೆ ಇತ್ತು. ಅದರಡಿ ರುಜು ಹಾಕಿ ಅವನ ಕೈಗೇ ಕೊಟ್ಟಳು. ಕಾನೂನು ಓದಿದವಳಲ್ಲ ಅವಳು. ಆದರೆ ಆ ಎರಡು ಸಾಲಿಗೆ ಯಾರಾದರೂ ಕೈ ಮುಗಿಯಬೇಕು.

"ಯಾಕಮ್ಮಿ, ಇಷ್ಟು ಬೇಗ್ನೆ ಬಂದ್ಬುಟ್ಟೆ?" ಎಂದ ಮನೆಯ ಜಗಲಿಯಲ್ಲಿ ಕೂತಿದ್ದ ಚಿಕ್ಕಣ್ಣ. ಅವಳು ನಡೆದದ್ದನ್ನು ಹೇಳಿದಳು.

"ಒಂದು ರುಜು ಹಾಕ್ಬುಟ್ಟಿದ್ರೆ ನಿನ್ ಗಂಟೇನ್ ಹೋಯ್ತಿತ್ತು?"

"ಆ ಅಜ್ಜಿ ವಾಪಸ್ ಹೊಂಟಾಗ ನನ್ ಕೈಯ ಕಣ್ಗೊತ್ಕಂಡ್ಲು ಕಣ. ಅದೇ ಕೈಲಿ, ಅವ್ಳು ಸುಳ್ಳಾಡ್ತವ್ಳೆ ಅಂತ ಬರ್ಕೊಡ್ಲಾ?"

ಚಿಕ್ಕಣ್ಣ ನೋವಿನ ಸೊಂಟವನ್ನು ಕಷ್ಟಪಟ್ಟು ಸರಿಸಿ, ಅವಳಿಗೆ ಕೂರಲು ಜಾಗ ಮಾಡಿದ.